ಗಂಜಿಗೆ ಕೆನೆ ಬಂದದ್ದು ಎಲ್ಲಿಂದ?

ನಮ್ಮ ಬಂಧುಬಳಗದಲ್ಲಿ ನನ್ನ ಕಾಯಿಲೆಯ ಕಥೆ ಹೀಗೆ ಓಡಾಡುತ್ತಿದೆ: ಮೂಡಲಪಾಳ್ಯದ ಸಿಂಚನಾಗೆ ಅದೇನೋ ಹೊಟ್ಟೆಯ ರೋಗ ಬಂತಂತೆ, ಡಾಕ್ಟರುಗಳ ಕೈಲಿ ಆಗಲಿಲ್ಲವಂತೆ, ಕೊನೆಗೆ ಅವಳ ದೊಡ್ಡಮ್ಮ ದಿನಾ ಬೆಳಿಗ್ಗೆ ಸಿರಿಧಾನ್ಯದ ಗಂಜಿ ಕುಡಿಸಿ ಹುಡುಗಿಯನ್ನು ಎಬ್ಬಿಸಿ ಕೂರಿಸಿದರಂತೆ. ಮದುವೆ ಮನೆಗಳಲ್ಲಿ ಇದನ್ನು ನನ್ನೆದುರಿಗೇ ಹೇಳುತ್ತಾರೆ. ಹೇಳಿ, ನಾನು ತಲೆಯಾಡಿಸಲಿ ಎಂದು ಕಾಯುತ್ತಾರೆ.

ನಾನು ತಲೆಯಾಡಿಸುವುದಿಲ್ಲ. ಕಾಲೇಜಿನಲ್ಲಿದ್ದಷ್ಟು ಕಾಲ ಚರ್ಚಾಸ್ಪರ್ಧೆಗಳಲ್ಲಿ ಪರ ನಿಂತೂ ವಿರೋಧ ನಿಂತೂ ಮಾತಾಡಿದವಳು ನಾನು. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ನಂಟು ಕಟ್ಟುವವರನ್ನು ಕಂಡರೆ ಈಗಲೂ ಕುರ್ಚಿಯ ತುದಿಗೆ ಬಂದು ಕೂರುತ್ತೇನೆ. ಗಂಜಿ ಕುಡಿದೆ, ನಿಜ. ವಾಸಿಯಾದೆ, ಅದೂ ನಿಜ. ಆದರೆ ನಡುವೆ ಇರುವ 'ಆದ್ದರಿಂದ' ಎಂಬ ಪದ ಇದೆಯಲ್ಲ, ಅದರ ಬಗ್ಗೆ ನನ್ನ ತಕರಾರಿದೆ. ಆ ತಕರಾರನ್ನು ಬರೆದಿಡುತ್ತಿದ್ದೇನೆ. ಇದೇ ಕಾಯಿಲೆ ಇಟ್ಟುಕೊಂಡು, ಪ್ರೀತಿಯಿಂದ ಬಡಿಸಿದ್ದನ್ನು ತಿನ್ನುತ್ತಾ, ಯಾಕೆ ಇನ್ನೂ ಸುಸ್ತು ಎಂದು ಒಬ್ಬಳೇ ಯೋಚಿಸುತ್ತಿರುವ ಯಾರಿಗಾದರೂ ಉಪಯೋಗವಾಗಬಹುದು.

ಶುರುವಾದದ್ದು ಎಲ್ಲರ ಹಾಗೆ, 'ಗ್ಯಾಸ್ಟ್ರಿಕ್' ಎಂಬ ಹೆಸರಲ್ಲಿ. ಬೆಂಗಳೂರಿನಲ್ಲಿ ಎದೆಯಿಂದ ತೊಡೆಯವರೆಗೆ ಏನೇ ನೋವಾದರೂ ಅದು ಗ್ಯಾಸ್ಟ್ರಿಕ್ಕೇ. ಹೊಟ್ಟೆ ಉಬ್ಬುತ್ತಿತ್ತು, ಊಟ ನಿಲ್ಲುತ್ತಿರಲಿಲ್ಲ, ಬಾಯಿತುಂಬ ಹುಣ್ಣು. ಬಸ್ಸಿನಿಂದ ಇಳಿದು ಮನೆ ಮುಟ್ಟುವಷ್ಟರಲ್ಲಿ ಯಾರದಾದರೂ ಕಾಂಪೌಂಡಿನ ಕಟ್ಟೆ ಹಿಡಿದು ನಿಲ್ಲಬೇಕಾಗುತ್ತಿತ್ತು. ಕಬ್ಬಿಣದ ಮಾತ್ರೆ ಕೊಟ್ಟರು, ರಕ್ತ ಏರಲಿಲ್ಲ. ಹುಳದ ಮಾತ್ರೆ ಕೊಟ್ಟರು, ಹುಳವೂ ಇರಲಿಲ್ಲ. "ಜಾಸ್ತಿ ಯೋಚನೆ ಮಾಡ್ತಾಳೆ ಸಾರ್, ಯಾವಾಗ್ಲೂ ವಾದ" ಎಂದು ಅಪ್ಪ ಒಬ್ಬ ಡಾಕ್ಟರಿಗೆ ಹೇಳಿದರು. ಅವರು ಅದನ್ನೇ ರೋಗದ ಕಾರಣವೆಂದು ಒಪ್ಪಿಕೊಂಡುಬಿಟ್ಟರು.

ಕೊನೆಗೆ ರಾಜಾಜಿನಗರದ ಒಂದು ಹೊಟ್ಟೆ ಡಾಕ್ಟರ ಕ್ಲಿನಿಕ್ಕಿಗೆ ಹೋದೆವು. ಆ ಕಾಯುವ ಕೋಣೆಯನ್ನು ನಾನು ಮರೆಯಲಾರೆ. ಎಲ್ಲರೂ ಒಂದು ಕೈ ಹೊಟ್ಟೆಯ ಮೇಲಿಟ್ಟುಕೊಂಡೇ ಕೂತಿದ್ದರು. ಪಕ್ಕದ ಆಂಟಿ ಅಮ್ಮನ ಕಡೆ ಬಾಗಿ, "ಮಗಳಿಗಾ? ಅಯ್ಯೋ, ಇಷ್ಟು ಚಿಕ್ಕ ವಯಸ್ಸಿಗೇನಾ? ಮದುವೆ ಆಗಿದೆಯಾ?" ಎಂದರು. ಅಮ್ಮ ಇಲ್ಲವೆಂದಳು. "ಹಂಗಾದ್ರೆ ಯಾರ್ಗೂ ಹೇಳ್ಬೇಡಿ" ಎಂದರು ಆಂಟಿ. ಯಾರಿಗೂ ಹೇಳಬಾರದಾದ ಆ ಸಂಗತಿ ಏನೆಂದು ಆಗ ನಮಗೇ ಗೊತ್ತಿರಲಿಲ್ಲ.

ಬಾಯಿಂದ ಕೊಳವೆ ಇಳಿಸಿ ನೋಡಿದ ದಿನ, ಮಾತಾಡಲಾಗದಂತೆ ಬಾಯಿಗೆ ಪ್ಲಾಸ್ಟಿಕ್ ಬಳೆಯಂಥದ್ದನ್ನು ಕಚ್ಚಿಸಿದರು. ನನಗೆ ಭಯವಾದದ್ದು ಕೊಳವೆಗಲ್ಲ, ಅದಕ್ಕೆ. ಏನನ್ನಿಸಿತೋ, ನರ್ಸ್ ತನ್ನ ಹೆಬ್ಬೆರಳನ್ನು ನನ್ನ ಮುಷ್ಟಿಯೊಳಗಿಟ್ಟು, "ಬೇಡ ಅನ್ಸಿದ್ರೆ ಒತ್ತಮ್ಮ, ನಿಲ್ಲಿಸ್ತೀವಿ" ಎಂದಳು. ನಾನು ಒತ್ತಲಿಲ್ಲ. ಒತ್ತಬಹುದೆಂಬುದೇ ಸಾಕಾಯಿತು.

ಫಲಿತಾಂಶ ಬಂದಾಗ ಡಾಕ್ಟರು ಹೇಳಿದ ಹೆಸರು ಅಮ್ಮನ ಕಿವಿಗೆ ಬೇರೆಯೇ ಕೇಳಿಸಿತು.

"ಸೀರಿಯಸ್ಸಾ ಸಾರ್?"

"ಸೀರಿಯಸ್ ಅಲ್ಲಮ್ಮ, ಸೀಲಿಯಾಕ್. ಗೋಧಿ ಇವಳ ಕರುಳಿಗೆ ಆಗಲ್ಲ. ಗೋಧಿ, ಮೈದಾ, ರವೆ, ಬಾರ್ಲಿ. ಇವಿಷ್ಟೂ ಬೇಡ. ಚೂರೂ ಬೇಡ. ಇದಕ್ಕೆ ಬೇರೆ ಔಷಧಿ ಇಲ್ಲ."

"ಎಷ್ಟು ದಿನ ಸಾರ್?"

"ಇರೋವರೆಗೂ."

ಅಮ್ಮ ಆಟೋದಲ್ಲಿ ದಾರಿಯುದ್ದಕ್ಕೂ ಆ ಹೆಸರುಗಳನ್ನು ಸ್ತೋತ್ರದ ಹಾಗೆ ಹೇಳಿಕೊಂಡಳು. ಮನೆಗೆ ಬಂದವಳೇ ಹಿಟ್ಟಿನ ಡಬ್ಬ ಖಾಲಿ ಮಾಡಿದಳು. ಲಟ್ಟಣಿಗೆಯನ್ನು ಕೂಡ ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದಳು. ಅಷ್ಟಕ್ಕೂ ನಿಲ್ಲದೆ 'ಗೋಧಿ' ಎಂಬ ಮಾತನ್ನೇ ಮನೆಯಲ್ಲಿ ಆಡಕೂಡದೆಂದು ಅಪ್ಪಣೆ ಮಾಡಿದಳು. ಕತ್ತಲಾದ ಮೇಲೆ ಹಾವನ್ನು ಹಾವು ಎನ್ನದೆ ಹುಳ ಎನ್ನುತ್ತಾರಲ್ಲ, ಹಾಗೆ ನಮ್ಮ ಮನೆಯಲ್ಲಿ ಗೋಧಿ 'ಆ ಧಾನ್ಯ' ಆಯಿತು. "ಹೆಸರು ಹೇಳಿದ್ರೆ ಕರುಳಿಗೆ ಹೋಗುತ್ತೇನಮ್ಮಾ?" ಎಂದು ಕೇಳಿದೆ. "ಬಾಯಿಗೆ ಬಂದದ್ದು ಹೊಟ್ಟೆಗೂ ಬರುತ್ತೆ, ಸುಮ್ನಿರು" ಎಂದಳು. ತರ್ಕವಾಗಿ ಇದು ಬೀಳುವ ವಾದ. ಆದರೆ ಎದುರಾಳಿಯ ಕಣ್ಣಲ್ಲಿ ನೀರಿತ್ತು, ನಾನು ಬಿಟ್ಟುಕೊಟ್ಟೆ.

ಸುದ್ದಿ ಹರಡಿತು. ಹುಷಾರಿಲ್ಲದವರ ಮನೆಗೆ ಬರಿಗೈಲಿ ಹೋಗಬಾರದಲ್ಲ? ಬಂದವರೆಲ್ಲ ಬ್ರೆಡ್ ತಂದರು. ಬ್ರೆಡ್, ಬನ್ನು, ರಸ್ಕು. ಮಾರೇನಹಳ್ಳಿಯಿಂದ ಬಂದ ಅಪ್ಪನ ಕಡೆಯ ಮಾವ ಎರಡು ದೊಡ್ಡ ಬ್ರೆಡ್ಡು ನನ್ನ ಹಾಸಿಗೆಯ ಮೇಲೇ ಇಟ್ಟು, "ಹಾಲಲ್ಲಿ ಅದ್ಕೊಂಡು ತಿನ್ನವ್ವ, ಹಗುರ" ಎಂದರು. ಗೋಧಿ ಆಗದೆಂದು ಅಮ್ಮ ಸನ್ನೆಯಲ್ಲಿ ತಿಳಿಸಿದಳು. "ಗೊತ್ತು ಕಣಮ್ಮ, ಅದಕ್ಕೇ ಚಪಾತಿ ತರ್ಲಿಲ್ಲ" ಎಂದರು ಮಾವ. ನಾನು ನಗಲು ಹೋಗಿ ಕೆಮ್ಮಿದೆ. ಅದನ್ನೂ ರೋಗದ ಲೆಕ್ಕಕ್ಕೇ ಸೇರಿಸಿದರು.

ಈ ಗದ್ದಲದ ನಡುವೆ ಬಂದವರು ದೊಡ್ಡಮ್ಮ. ಅಮ್ಮನ ಅಕ್ಕ. ಮದುವೆಯಾಗಿ ಹಿರಿಯೂರಿನ ಕಡೆ ಹೋಗಿದ್ದವರು, ದೊಡ್ಡಪ್ಪನಿಗೆ ವರ್ಗವಾದ ಮೇಲೆ ಆರ್‌ಪಿಸಿ ಲೇಔಟಿನಲ್ಲಿ ನೆಲೆಸಿದ್ದಾರೆ. ಅವರು ಬ್ರೆಡ್ ತರಲಿಲ್ಲ. ಸ್ಟೀಲ್ ಡಬ್ಬಿಯಲ್ಲಿ ಬಿಸಿ ಗಂಜಿ ತಂದರು.

ಆ ಗಂಜಿಯನ್ನು ವರ್ಣಿಸದೆ ಮುಂದೆ ಹೋದರೆ ಅನ್ಯಾಯ. ನಮ್ಮ ಮನೆಯ ಗಂಜಿ ನೀರು ಬೇರೆ ಅಗುಳು ಬೇರೆ ಆಗಿ ಕೂರುವಂಥದ್ದು. ಇದು ಹಾಗಲ್ಲ. ಚಮಚ ಎತ್ತಿದರೆ ದಾರದಂತೆ ಇಳಿಯುತ್ತಿತ್ತು, ಆರಿದರೆ ಮೇಲೆ ತೆಳುವಾದ ಕೆನೆ. ಹುರಿದ ಕಾಳಿನ ಪರಿಮಳ, ಬೆಲ್ಲ, ಚೂರು ಏಲಕ್ಕಿ. ಬಾಯಿಯ ಹುಣ್ಣುಗಳ ಮೇಲೆ ಹಾದು ಹೋದರೂ ಉರಿಯುತ್ತಿರಲಿಲ್ಲ.

"ಏನೇನು ಹಾಕಿದೀರಾ ದೊಡ್ಡಮ್ಮಾ?" ಎಂದು ನಾನು ವಿಚಾರಣೆ ನಡೆಸಿದೆ.

"ನವಣೆ, ಸಾಮೆ, ಜವೆ, ಒಂದಿಷ್ಟು ರಾಗಿ, ಹೆಸರುಬೇಳೆ. ಎಲ್ಲಾ ಇಡೀ ಕಾಳೇ, ಮನೇಲೇ ಹುರಿದು ಒಡ್ಕೊಂಡಿದ್ದು."

"ಆ ಧಾನ್ಯ ಹಾಕಿಲ್ಲ ತಾನೇ ಅಕ್ಕಾ?" ಎಂದಳು ಅಮ್ಮ.

"ಥೂ, ಹಾಕ್ತೀನೇನೇ!"

ನವಣೆ, ಸಾಮೆ, ಜವೆ. ಪ್ರಾಸಬದ್ಧವಾಗಿತ್ತು. ಹಳೆಯ ಕಾಲದ, ನೆಲದ ವಾಸನೆಯ ಪದಗಳು. ಪೊಟ್ಟಣಗಳ ಹಿಂದಿನ ಸಣ್ಣಕ್ಷರವನ್ನೆಲ್ಲ ಭೂತಗನ್ನಡಿಯಲ್ಲಿ ಓದುತ್ತಿದ್ದ ನಾನು ಈ ಮೂರನ್ನೂ ಪ್ರಶ್ನೆಯಿಲ್ಲದೆ ಒಳಗೆ ಬಿಟ್ಟುಕೊಂಡೆ. ದೊಡ್ಡಮ್ಮ ವಾರಕ್ಕೊಮ್ಮೆ ಗಂಜಿಯ ನುಚ್ಚನ್ನು ತಂದುಕೊಟ್ಟರು, ಅಮ್ಮ ದಿನಾ ಬೆಳಿಗ್ಗೆ ಕಾಯಿಸಿದಳು.

ಮೊದಮೊದಲು ಚೇತರಿಸಿಕೊಂಡೆ. ಅಲ್ಲಿಂದಲೇ ಆ ಕಥೆ ಹುಟ್ಟಿದ್ದು. ಚಪಾತಿ, ಬಿಸ್ಕತ್ತು, ಉಪ್ಪಿಟ್ಟು ಎಲ್ಲ ಒಟ್ಟಿಗೆ ನಿಂತಿದ್ದವು ಎಂಬುದನ್ನು ಯಾರೂ ಗಣನೆಗೆ ತೆಗೆದುಕೊಳ್ಳಲಿಲ್ಲ. ಶ್ರೇಯಸ್ಸು ಗಂಜಿಗೆ ಹೋಯಿತು. ಆಮೇಲೆ ಚೇತರಿಕೆ ಅರ್ಧಕ್ಕೇ ನಿಂತಿತು. ಉಬ್ಬರ ಮತ್ತೆ ಬಂತು, ಸುಸ್ತು ಹೋಗಲಿಲ್ಲ. ಆರು ತಿಂಗಳ ನಂತರದ ರಕ್ತಪರೀಕ್ಷೆಯ ವರದಿಯನ್ನು ಡಾಕ್ಟರು ಎರಡು ಸಲ ಓದಿದರು.

"ಎಲ್ಲಿಂದಲೋ ಒಳಗೆ ಬರ್ತಾ ಇದೆ."

"ಚಾನ್ಸೇ ಇಲ್ಲ ಸಾರ್. ನಮ್ಮನೇಲಿ ಅದರ ಹೆಸರನ್ನೂ ಹೇಳಲ್ಲ."

"ಹುಡುಕಿ. ಬರ್ತಾ ಇಲ್ಲ ಅಂತಾನೇ ಆದ್ರೆ, ಬೇರೆ ಏನಾದ್ರೂ ಇದೆಯಾ ಅಂತ ನೋಡ್ಬೇಕಾಗುತ್ತೆ."

"ಬೇರೆ ಏನಾದ್ರೂ ಅಂದ್ರೆ?"

ಅವರು ಪೆನ್ನಿಗೆ ಕ್ಯಾಪ್ ಹಾಕಿದರು. "ಮೊದಲು ಹುಡುಕಿ."

ಆ ಕ್ಯಾಪಿನ ಟಿಕ್ ಎಂಬ ಸದ್ದು ನನ್ನನ್ನು ಹೆದರಿಸಿದಷ್ಟು ಯಾವ ಮಾತೂ ಹೆದರಿಸಿರಲಿಲ್ಲ. ಮನೆಗೆ ಬಂದು ಮೊಬೈಲಿನಲ್ಲಿ 'ಬೇರೆ ಏನಾದ್ರೂ' ಎಂದರೆ ಏನೇನೆಂದು ಹುಡುಕಿದೆ. ಹುಡುಕಬಾರದಿತ್ತು. ಈಗ ನನ್ನ ಮುಂದಿದ್ದದ್ದು ವಿಚಿತ್ರ ಪರಿಸ್ಥಿತಿ: ನಮ್ಮ ಅಡುಗೆಮನೆಯಲ್ಲಿ ಕಳ್ಳ ಸಿಗಲಿ ಎಂದು ನಾನು ಹಾರೈಸಬೇಕಿತ್ತು. ಸಿಗದಿದ್ದರೆ ಕಳ್ಳ ನನ್ನ ಮೈಯೊಳಗಿದ್ದ.

ಹುಡುಕಾಟ ಶುರುವಾಯಿತು. ಸುಳ್ಳು ಹೇಳುವುದಿಲ್ಲ, ಭಯದ ಜತೆಗೆ ಒಂದು ಬಗೆಯ ಖುಷಿಯೂ ಇತ್ತು. ಇಂಗು ಸಿಕ್ಕಿತು! ಇಂಗಿನ ಡಬ್ಬಿಯೊಳಗೆ ಮೈದಾ ಬೆರೆಸಿರುತ್ತಾರೆಂದು ನಿಮಗೆ ಗೊತ್ತಿತ್ತೇ? ನಮಗಿರಲಿಲ್ಲ. ಪ್ರಕರಣ ಮುಗಿಯಿತೆಂದು ಮೆರೆದೆ. ಇಂಗು ಬಿಟ್ಟೆ. ವಾರಗಳು ಕಳೆದವು, ಉಬ್ಬರ ಕಳೆಯಲಿಲ್ಲ. ಹಪ್ಪಳ ಬಿಟ್ಟೆ, ಬೇಕರಿಯ ಖಾರಾ ಬಿಟ್ಟೆ, ಹೊರಗಿನ ಮಸಾಲೆಪುಡಿ ಬಿಟ್ಟೆ. ಬಿಡದೆ ಉಳಿದದ್ದು ಅನ್ನ, ಮುದ್ದೆ, ಸಾರು, ಮಜ್ಜಿಗೆ ಮತ್ತು ಬೆಳಗಿನ ಗಂಜಿ. ಆಗಲೂ ಗಂಜಿಯ ಮೇಲೆ ಅನುಮಾನ ಬರಲಿಲ್ಲ. ರೋಗಿಯ ಗಂಜಿಯನ್ನು ಅನುಮಾನಿಸುವುದೆಂದರೆ ತೀರ್ಥವನ್ನು ಲ್ಯಾಬಿಗೆ ಕಳಿಸಿದ ಹಾಗೆ.

ನಾನು ಗಂಜಿಯ ಬೆನ್ನು ಹತ್ತಿದ್ದು ಬೇರೆಯದೇ ಕುತೂಹಲಕ್ಕೆ. ಒಂದು ವಾರ ದೊಡ್ಡಮ್ಮ ಊರಲ್ಲಿರಲಿಲ್ಲ, ನುಚ್ಚು ಮುಗಿದಿತ್ತು. ಮನೆಯಲ್ಲಿ ನವಣೆ, ಸಾಮೆ, ರಾಗಿ, ಹೆಸರುಬೇಳೆ ಇದ್ದವು, ನಾನೇ ಹುರಿದು ಮಿಕ್ಸಿಯಲ್ಲಿ ಒಡೆದು ಬೇಯಿಸಿದೆ. ಕೆನೆ ಬರಲಿಲ್ಲ. ಮೇಲೆ ನೀರು, ಕೆಳಗೆ ಮರಳು. ಮಾರನೆಯ ದಿನ ನೀರು ಕಡಿಮೆ ಮಾಡಿದೆ, ಉಂಡೆಗಟ್ಟಿತು. ಹಾಲು ಜಾಸ್ತಿ ಮಾಡಿದೆ, ತಳ ಹಿಡಿಯಿತು. ಅಪ್ಪ ಒಂದು ಚಮಚ ಬಾಯಿಗಿಟ್ಟು, "ಗೋಡೆಗೆ ಹಾಕಿದ್ರೆ ಗಟ್ಟಿಯಾಗಿ ನಿಲ್ಲುತ್ತೆ ಬಿಡಮ್ಮ" ಎಂದರು. ಹಾಗಾದರೆ ದೊಡ್ಡಮ್ಮನ ಗಂಜಿಗೆ ಆ ಕೆನೆ ಎಲ್ಲಿಂದ ಬರುತ್ತದೆ? ಕೈಯ ಗುಣ ಎಂದಳು ಅಮ್ಮ. ಕೈಯ ಗುಣ ಎಂಬುದು ಕಾರಣವಲ್ಲ, ಕಾರಣ ಗೊತ್ತಿಲ್ಲ ಎಂಬುದರ ಗೌರವಯುತ ರೂಪ.

ದೊಡ್ಡಮ್ಮ ಬಂದ ಸುದ್ದಿ ಸಿಕ್ಕಿದ್ದೇ ಆರ್‌ಪಿಸಿ ಲೇಔಟಿಗೆ ಹೋದೆ. ಅವರು ಒಲೆಯ ಮುಂದೆ ನಿಂತು ತೋರಿಸಿಕೊಟ್ಟರು. ತಣ್ಣೀರಲ್ಲಿ ಕಲಸಿಕೊಂಡೇ ಒಲೆಯ ಮೇಲಿಡಬೇಕು. ಉರಿ ಸಣ್ಣದಿರಬೇಕು. ಒಂದೇ ಕಡೆಗೆ ತಿರುವುತ್ತಾ ಇರಬೇಕು. ಹಾಲು ಕೊನೆಗೆ, ಬೆಲ್ಲ ಒಲೆಯಿಂದ ಇಳಿಸಿದ ಮೇಲೆ.

"ಇಷ್ಟೂ ನಾನು ಮಾಡ್ದೆ ದೊಡ್ಡಮ್ಮಾ. ಆದ್ರೂ ಹೀಗೆ ಜಾರ್ಲಿಲ್ಲ."

"ಜವೆ ಹಾಕಿದ್ಯಾ?"

"ಜವೆ ಇರ್ಲಿಲ್ಲ."

"ಮತ್ತೆ! ಜವೆ ಇಲ್ದೆ ಎಲ್ಲಿ ಬರುತ್ತೆ ಕೆನೆ? ಆ ಲೋಳೆ ಕೊಡೋದೇ ಅದು." ದೊಡ್ಡಮ್ಮ ಗೆದ್ದವರಂತೆ ಡಬ್ಬದ ಮುಚ್ಚಳ ತೆಗೆದು ನನ್ನ ಅಂಗೈಗೆ ನಾಲ್ಕು ಕಾಳು ಸುರಿದರು. "ಪೂಜೆ ಸಾಮಾನು ಮಾರೋ ಗ್ರಂಧಿಗೆ ಅಂಗಡೀಲಿ ಸಿಗುತ್ತೆ. ನಮ್ಮ ಅತ್ತೆ ಕಾಲದಿಂದ್ಲೂ ಹಾಕ್ತೀವಿ."

ನಾನು ನವಣೆಯ ಅಣ್ಣನನ್ನೋ ಸಾಮೆಯ ತಮ್ಮನನ್ನೋ ನಿರೀಕ್ಷಿಸಿದ್ದೆ, ಸಣ್ಣಗೆ, ಗುಂಡಗೆ. ಅಂಗೈಯಲ್ಲಿದ್ದದ್ದು ಉದ್ದನೆಯ ಕಾಳು. ಎರಡೂ ತುದಿ ಚೂಪು. ನಡುವೆ ಉದ್ದಕ್ಕೂ ಒಂದು ಸೀಳು.

"ಇದರ ಪೂರ್ತಿ ಹೆಸರೇನು ದೊಡ್ಡಮ್ಮಾ?"

"ಜವೆ ಕಣೇ."

"ಬರೀ ಜವೆನಾ?"

ದೊಡ್ಡಮ್ಮ ಬಾಗಿಲ ಕಡೆ ನೋಡಿದರು, ಅಮ್ಮ ಎಲ್ಲೋ ನಿಂತಿದ್ದಾಳೇನೋ ಎಂಬ ಹಾಗೆ. ದನಿ ತಗ್ಗಿಸಿ, "ಆ ಮಾತು ಆಡ್ಬೇಡ ಅಂದಿದ್ದಾಳಲ್ಲ ನಿಮ್ಮಮ್ಮ, ಅದಕ್ಕೆ ಅರ್ಧ ಹೇಳ್ತೀನಿ. ಜವೆಗೋಧಿ" ಎಂದರು.

ಒಲೆಯ ಮೇಲೆ ಗಂಜಿ ಕುದಿಯುತ್ತಲೇ ಇತ್ತು. ನನಗೆ ಮೊದಲು ಬಂದದ್ದು ಸಿಟ್ಟಲ್ಲ. ನಾನು ಸಾಯುತ್ತಿಲ್ಲ ಎಂಬ ವಿಚಾರ ಬಂತು. ಕಳ್ಳ ಅಡುಗೆಮನೆಯಲ್ಲಿದ್ದ!

ಆದರೂ ಹೆಸರು ಸಾಕ್ಷ್ಯವಲ್ಲ. ಗೋಧಿನಾಗರದಲ್ಲೂ ಗೋಧಿ ಇದೆ, ಹಾವನ್ನು ಯಾರೂ ಲಟ್ಟಿಸುವುದಿಲ್ಲ. ಮೊಬೈಲಿನಲ್ಲಿ ಹುಡುಕಿದೆ. ಜವೆಗೋಧಿ ಎಂದರೆ ಬಾರ್ಲಿ. ಡಾಕ್ಟರು ಹೆಸರಿಟ್ಟು ಬೇಡವೆಂದ, ಅಮ್ಮ ಸ್ತೋತ್ರದಂತೆ ಜಪಿಸಿದ, ಅದೇ ಬಾರ್ಲಿ.

"ಬಾರ್ಲಿನಾ? ಹುಚ್ಚಾ ನಿಂಗೆ?" ಎಂದರು ದೊಡ್ಡಮ್ಮ. "ಬಾರ್ಲಿ ನನಗೆ ಗೊತ್ತಿಲ್ವೇನೇ? ಉರಿಮೂತ್ರಕ್ಕೆ ಕಾಯಿಸಿ ಕುಡಿಯೋದು. ಬೆಳ್ಳಗೆ ಮುತ್ತಿನ ಥರ ಇರುತ್ತೆ. ಪ್ಯಾಕೆಟ್ಟಲ್ಲಿ ಬರುತ್ತೆ. ಇದು ಜವೆ."

"ಅದರ ಸಿಪ್ಪೆ ತೆಗೆದು ತೀಡಿರ್ತಾರೆ ದೊಡ್ಡಮ್ಮಾ. ಎರಡೂ ಒಂದೇ."

"ಒಂದೇ ಹೆಂಗಾಗುತ್ತೆ? ಅದು ಇಂಗ್ಲಿಷು."

ಈ ವಾದವನ್ನು ನಾನು ಇವತ್ತಿಗೂ ಮೆಚ್ಚುತ್ತೇನೆ. ಯಾಕೆಂದರೆ ನಾನು ಮಾಡಿದ್ದೂ ಇದನ್ನೇ. ಬಾರ್ಲಿ ಎಂದರೆ ಪಥ್ಯದ ಶತ್ರು, ಜವೆ ಎಂದರೆ ಅಜ್ಜಿಯರ ಕಾಲದ ಸಾಧುಪ್ರಾಣಿ ಎಂದು ನಾನೂ ನಂಬಿದ್ದೆ. ಕನ್ನಡದ ಹೆಸರು ಎಚ್ಚರಿಕೆಯನ್ನು ಬೆನ್ನಿಗೇ ಕಟ್ಟಿಕೊಂಡು ಬಂದಿತ್ತು. ಅಮ್ಮನ ಮೇಲಿನ ಮರ್ಯಾದೆಗೆ ಆ ಎಚ್ಚರಿಕೆಯನ್ನೇ ಕತ್ತರಿಸಿ ಹಾಕಿದೆವು. ನನ್ನನ್ನು ಕಾಯಲೆಂದು ಮಾಡಿದ ನಿಷೇಧವೇ ಕಳ್ಳನಿಗೆ ಮುಸುಕು ಹೊದಿಸಿತು.

ದೊಡ್ಡಮ್ಮ ಅಳಲಿಲ್ಲ. ಒಲೆ ಆರಿಸಿದರು. ಗಂಜಿಯನ್ನು ಸಿಂಕಿಗೆ ಸುರಿದು ನಲ್ಲಿ ಬಿಟ್ಟರು. ಅದು ಎಷ್ಟು ಹೊತ್ತಾದರೂ ಪೂರ್ತಿ ಇಳಿಯಲಿಲ್ಲ, ಅಷ್ಟು ಚೆನ್ನಾಗಿ ಕೆನೆಗಟ್ಟಿತ್ತು. "ನಾನೇ ಹಾಕ್ದೆ ಹಂಗಾರೆ" ಎಂದರು ಒಮ್ಮೆ, ನಲ್ಲಿಯ ಕಡೆ ಮುಖ ಮಾಡಿ. ಗೊತ್ತಿಲ್ಲದೆ ಆದದ್ದೆಂದು ಹೇಳಿದೆ. ನನ್ನ ಮಾತುಗಾರಿಕೆಯೆಲ್ಲ ಅಂದು ಕೆಲಸಕ್ಕೆ ಬರಲಿಲ್ಲ. ಆಮೇಲೆ ಅವರು ನಮ್ಮ ಮನೆಗೆ ಬರುವುದು ನಿಂತಿತು. ಅಮ್ಮ ಫೋನು ಮಾಡಿದರೆ ಮಂಡಿನೋವು ಎನ್ನುತ್ತಿದ್ದರು.

ಈಗ ಎರಡು ಕೆಲಸ ಇದ್ದವು: ವಾಸಿಯಾಗುವುದು ಮತ್ತು ಜವೆಯಿಲ್ಲದೆ ಕೆನೆ ತರುವುದು. ಮೊದಲನೆಯದಕ್ಕೆ ಕಾಯುವುದೊಂದೇ ದಾರಿ. ಎರಡನೆಯದಕ್ಕೆ ಕೈ ಹಚ್ಚಿದೆ. ಸೋತ ಪಾತ್ರೆಗಳ ಪುರಾಣ ಬೇಡ, ಗೆದ್ದದ್ದನ್ನು ಹೇಳುತ್ತೇನೆ. ಪಾಲಿಶ್ ಮಾಡದ ಕೆಂಪಕ್ಕಿಯ ನುಚ್ಚು, ಅದರ ಅರ್ಧದಷ್ಟು ನವಣೆ. ಎರಡನ್ನೂ ಆರಿಸಿ, ತೊಳೆದು, ರಾತ್ರಿ ನೆನೆಹಾಕಬೇಕು. ನೆನೆಸಿದ್ದೇ ಮುಖ್ಯ, ನಾನು ಹುರಿಯುವ ಪರಿಮಳಕ್ಕೆ ಮರುಳಾಗಿ ಇದನ್ನು ತಡವಾಗಿ ಕಂಡುಕೊಂಡೆ. ಬೆಳಿಗ್ಗೆ ಧಾರಾಳ ನೀರಲ್ಲಿ ಸಣ್ಣ ಉರಿಯಲ್ಲಿ, ಬೆರಳಲ್ಲಿ ಹಿಸುಕಿದರೆ ಕಾಳು ಸೋಲುವವರೆಗೆ ಬೇಯಬೇಕು. ಆಮೇಲೆ ಕಡಗೋಲು. ಮಜ್ಜಿಗೆ ಕಡೆದ ಹಾಗೆ ಗಂಜಿಯನ್ನು ಕಡೆಯಬೇಕು, ಆಗ ಕಾಳು ತನ್ನೊಳಗಿನ ಗಂಜಿಯನ್ನು ಬಿಟ್ಟುಕೊಡುತ್ತದೆ. ಕೊನೆಗೆ ಒಂದು ಚಮಚ ರಾಗಿಹಿಟ್ಟನ್ನು ತಣ್ಣೀರಲ್ಲಿ ಕಲಸಿ ಹೊಯ್ದು, ಹಸಿವಾಸನೆ ಹೋಗುವವರೆಗೆ ತಿರುವಿ, ಕಾಯಿಹಾಲು ಹಾಕಿ ಇಳಿಸುವುದು. ರಾಗಿಯನ್ನು ನಾನು ಮನೆಯ ಮಿಕ್ಸಿಯಲ್ಲೇ ಪುಡಿ ಮಾಡುತ್ತೇನೆ. ಮಿಲ್ಲಿನಲ್ಲಿ ನಮಗಿಂತ ಮುಂಚೆ ಯಾರು ಏನು ಹಾಕಿಸಿದ್ದರೋ ಯಾರಿಗೆ ಗೊತ್ತು?

ಕೆನೆ ಬಂತು. ದೊಡ್ಡಮ್ಮನ ಗಂಜಿಯಷ್ಟು ಜಾರುವುದಿಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಚಮಚದ ಬೆನ್ನಿಗೆ ಅಂಟಿ ನಿಲ್ಲುತ್ತದೆ. ಅಪ್ಪ ಎರಡನೇ ಸಲ ಹಾಕಿಸಿಕೊಂಡರು, ಗೋಡೆಯ ಮಾತೆತ್ತಲಿಲ್ಲ.

ಮುಂದಿನ ರಕ್ತಪರೀಕ್ಷೆಯ ಅಂಕಿ ಇಳಿದಿತ್ತು. ಅದರ ಮುಂದಿನದರಲ್ಲಿ ಇನ್ನೂ ಇಳಿಯಿತು. ಡಾಕ್ಟರು ಈ ಸಲ ಪೆನ್ನಿನ ಕ್ಯಾಪ್ ತೆಗೆದೇ ಮಾತಾಡಿದರು. "ಇದು ಮನೆತನದಲ್ಲಿ ಓಡಾಡೋ ಕಾಯಿಲೆ. ನಿಮ್ಮ ಕಡೆ ಬೇರೆ ಯಾರಿಗಾದ್ರೂ ಹೊಟ್ಟೆ ತೊಂದ್ರೆ, ರಕ್ತ ಕಡಿಮೆ, ಹಾಗೇನಾದ್ರೂ?"

ಅಮ್ಮ, "ಯಾರಿಗೂ ಇಲ್ಲ ಸಾರ್. ನಮ್ಮಕ್ಕನಿಗೆ ಗ್ಯಾಸ್ಟ್ರಿಕ್ ಇದೆ, ಅಷ್ಟೇ" ಎಂದಳು.

ನಾನು ಅಮ್ಮನ ಮುಖ ನೋಡಿದೆ. ಅವಳು ಆಗಲೇ ಎದ್ದು ನಿಂತು ಚೀಲ ಹೆಗಲಿಗೇರಿಸುತ್ತಿದ್ದಳು.

ಮರುದಿನ ಬೆಳಿಗ್ಗೆ ಗಂಜಿ ಕಾಯಿಸಿ ಡಬ್ಬಿಗೆ ತುಂಬಿಕೊಂಡು ಆರ್‌ಪಿಸಿ ಲೇಔಟಿಗೆ ಹೋದೆ. ದೊಡ್ಡಮ್ಮ ಬಾಗಿಲು ತೆರೆದು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಮೈ ತುಂಬ್ಕೊಂಡಿದ್ಯಾ" ಎಂದರು. ಅವರ ಮೈ ತುಂಬಿದ್ದನ್ನು ನಾನು ಯಾವತ್ತೂ ಕಂಡಿಲ್ಲ. ಮಣಿಕಟ್ಟಿನ ಬಳೆ ಮೊಣಕೈವರೆಗೆ ಜಾರುತ್ತದೆ. ಮದುವೆ ಮನೆಗಳಲ್ಲಿ ಅವರ ಎಲೆಯ ಮೇಲೆ ಹೋಳಿಗೆ ಹಾಗೇ ಉಳಿಯುತ್ತದೆ, ನಮ್ಮ ನೆನಪಿನ ಉದ್ದಕ್ಕೂ ಅವರದು ಅನ್ನ ಮಜ್ಜಿಗೆ. ಪಿತ್ತದ ಮೈ ಎನ್ನುತ್ತಾರೆ. ಹುಟ್ಟಿದ ಮೈಯೇ ಹಾಗೆ ಎನ್ನುತ್ತಾರೆ.

ಇದು ಪುರಾವೆಯಲ್ಲ, ನನಗೆ ಗೊತ್ತು. ಬಳೆ ಜಾರುವುದಕ್ಕೆ ನೂರು ಕಾರಣಗಳಿರಬಹುದು.

ನನ್ನ ಗಂಜಿಯನ್ನು ಲೋಟಕ್ಕೆ ಬಗ್ಗಿಸಿಕೊಟ್ಟೆ. ಅವರು ಚಮಚ ಎತ್ತಿ ಅದು ಇಳಿಯುವ ಬಗೆಯನ್ನು ಪರೀಕ್ಷೆಯ ಮೇಷ್ಟ್ರಂತೆ ನೋಡಿದರು. ಕುಡಿದರು.

"ಚೆನ್ನಾಗಿದೆ. ನಮ್ಮತ್ತೆ ಮಾಡ್ತಿದ್ದಷ್ಟು ಜಾರಲ್ಲ."

"ನಿಮ್ಮತ್ತೆ ಮನೇಲಿ ಎಲ್ರೂ ಕುಡೀತಿದ್ರಾ?"

"ಎಲ್ರೂ ಯಾಕೆ ಕುಡೀತಾರೆ? ಅವರೆಲ್ಲ ರೊಟ್ಟಿ ತಿನ್ನೋ ಜನ, ಗಟ್ಟಿ ಹೊಟ್ಟೆ." ಲೋಟದ ತಳದಲ್ಲಿ ಉಳಿದದ್ದನ್ನು ಅವರು ಬೆರಳಿಂದ ಬಳಿದರು. "ನಾನು ಹೊಸದಾಗಿ ಮದುವೆ ಆಗಿ ಹೋದಾಗ ಶುರು ಮಾಡಿದ್ದು ಅತ್ತೆ. ದಿನಾ ತಪ್ಪಿಸ್ತಿರ್ಲಿಲ್ಲ ಪಾಪ."

ಹೊರಗೆ ತರಕಾರಿ ಗಾಡಿಯವನು ಸೊಪ್ಪು ಕೂಗುತ್ತಾ ಹೋದ. ಅವನ ದನಿ ತಿರುವಿನಲ್ಲಿ ಮರೆಯಾಯಿತು. ಆಮೇಲೆ ಕೇಳಿದೆ:

"ದೊಡ್ಡಮ್ಮಾ, ಆ ಗಂಜಿ ಮೊದಲು ಮಾಡಿದ್ದು ಯಾರ ಹೊಟ್ಟೆಗೆ ಅಂತ?"